ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾರ್ಚೆಸ್ಟರಿನ ಬಿಷಪರ ಅರಮನೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಲೇಖಕ ಆಂಥನಿ ಟ್ರಾಲಪ್ ಅವರ ಕಾದಂಬರಿಗಳಲ್ಲಿ ಬರುವ ಬಿಷಪರ ಅರಮನೆಯನ್ನು ಕುರಿತು ಹಲವು ಓದುಗರು ಪತ್ರ ಬರೆದಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಬಾರ್ಚೆಸ್ಟರ್ ಎಂಬ ಊರು ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇದೆಯೇ? ಅಲ್ಲಿನ ಬಿಷಪರ ಅರಮನೆಯನ್ನು ಪ್ರವಾಸಿಗರು ನೋಡಬಹುದೇ?
(ಧಾರವಾಡದ ಓದುಗರೊಬ್ಬರು)

ಊರೂ ಇಲ್ಲ, ಅರಮನೆಯೂ ಇಲ್ಲ. ಬಾರ್ಸೆಟ್‌ಶೈರ್ ಎಂಬ ಜಿಲ್ಲೆಯನ್ನೂ ಅದರ ಕೆಥೆಡ್ರಲ್ (ಬಿಷಪರ ಮುಖ್ಯ ಚರ್ಚು) ಇರುವ ಪಟ್ಟಣವಾದ ಬಾರ್ಚೆಸ್ಟರನ್ನೂ ಟ್ರಾಲಪ್ ಕಲ್ಪಿಸಿಕೊಂಡರು. 1855ರ 'ದಿ ವಾರ್ಡನ್'ನಿಂದ 1867ರಲ್ಲಿ ಮುಗಿದ 'ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್'ವರೆಗೆ ಆರು ಕಾದಂಬರಿಗಳು ಈ ಜಿಲ್ಲೆಯಲ್ಲಿ ನಡೆಯುತ್ತವೆ. ಅವುಗಳಲ್ಲಿ ಬಿಷಪರ ಅರಮನೆಗೆ ಹೆಚ್ಚಿನ ಪಾತ್ರವಿರುವುದು ಮೊದಲಿನ ಎರಡರಲ್ಲಿ ಮತ್ತು ಕೊನೆಯದರಲ್ಲಿ.

ಆದರೆ ಕಲ್ಪನೆಗೆ ನೆಲೆಯಾದ ಊರು ಯಾವುದೆಂಬುದನ್ನು ಟ್ರಾಲಪ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರು ಅಂಚೆ ಇಲಾಖೆಯ ಅಧಿಕಾರಿಯಾಗಿದ್ದರು. ಇಲಾಖೆಯ ಕೆಲಸಕ್ಕಾಗಿ ಇಂಗ್ಲೆಂಡಿನ ನೈಋತ್ಯ ಭಾಗದ ಊರೂರು ಸುತ್ತುತ್ತಿದ್ದಾಗ, ಒಂದು ಬೇಸಿಗೆಯ ಸಂಜೆ ಸಾಲ್ಸ್‌ಬರಿ ಕೆಥೆಡ್ರಲಿನ ಆಸುಪಾಸಿನಲ್ಲಿ ಅಡ್ಡಾಡುವಾಗ ಮೊದಲ ಕಾದಂಬರಿಯ ಕಥೆ ಅವರಿಗೆ ಹೊಳೆಯಿತು. ಅಲ್ಲಿನ ಪುಟ್ಟ ಸೇತುವೆಯ ಮೇಲೆ ಬಹಳ ಹೊತ್ತು ನಿಂತು, ಕಥೆಯಲ್ಲಿನ ವೃದ್ಧಾಶ್ರಮ ಎಲ್ಲಿರಬೇಕೆಂದು ಅವರು ಗೊತ್ತುಮಾಡಿಕೊಂಡರಂತೆ. ಹುಡುಗನಾಗಿದ್ದಾಗ ವಿಂಚೆಸ್ಟರ್ ಶಾಲೆಯಲ್ಲಿ ಓದಿದ್ದ ಅವರಿಗೆ ಆ ಕೆಥೆಡ್ರಲ್ ಪಟ್ಟಣದ ಪರಿಚಯವೂ ಇತ್ತು. ಆದರೂ ಪಾದ್ರಿಗಳ ಒಳಬದುಕಿನ ಬಳಕೆ ತಮಗೆ ಆಗ ಇರಲಿಲ್ಲವೆಂದೂ, ತಮ್ಮ ಕಥೆಯ ಆರ್ಚ್‌ಡೀಕನ್ (ಬಿಷಪರ ಕೈಕೆಳಗಿನ ಹಿರಿಯ ಪಾದ್ರಿ) ಪೂರ್ತಿಯಾಗಿ ಕಲ್ಪನೆಯ ಕೂಸೆಂದೂ ಅವರು ಬರೆದುಕೊಂಡಿದ್ದಾರೆ.

ಪ್ರವಾಸ ಹೋದವರು ನೋಡಲೇಬೇಕೆಂದರೆ ಸಾಲ್ಸ್‌ಬರಿಗೆ ಹೋಗಬಹುದು. ಅಲ್ಲಿನ ಹಳೆಯ ಬಿಷಪರ ಅರಮನೆಯಲ್ಲಿ 1947ರಿಂದ ಕೆಥೆಡ್ರಲ್ ಶಾಲೆ ನಡೆಯುತ್ತಿದೆ. ಆ ಅರಮನೆಯ ತೋಟದಿಂದ ಕಾಣುವ ಕೆಥೆಡ್ರಲನ್ನು ಜಾನ್ ಕಾನ್‌ಸ್ಟೆಬಲ್ ಅಲ್ಲಿನ ಬಿಷಪರ ಕೋರಿಕೆಯಂತೆ 1823ರಲ್ಲಿ ಚಿತ್ರಿಸಿದ್ದರು. ಸುತ್ತ ಕಂದಕವಿರುವ, ಕೋಟೆಯಂತಹ ಬಿಷಪರ ಅರಮನೆಯನ್ನು ನೋಡಬೇಕೆಂದರೆ ವೆಲ್ಸ್ ಪಟ್ಟಣಕ್ಕೆ ಹೋಗಬೇಕು. ಆದರೆ ಬಾರ್ಚೆಸ್ಟರಿನ ಅರಮನೆ ಕೋಟೆಯಂತಹದ್ದಲ್ಲ. ಅನುಕೂಲಸ್ಥ ಶ್ರೀಮಂತರ ದೊಡ್ಡ ಮನೆಯೆಂದು ಅದನ್ನು ಊಹಿಸಿಕೊಂಡರೆ ಸಾಕು.

ಮಂಗಳೂರಿನ ಕೋಡಿಯಾಲಬೈಲಿನ ಬಿಷಪ್ಸ್ ಹೌಸ್ ನಮಗೆ ಗೊತ್ತು. ಟ್ರಾಲಪ್ ಅವರ ಕಾದಂಬರಿಯಲ್ಲಿ ಬಿಷಪರಿಗೆ ಹೆಂಡತಿ, ಹೆಣ್ಣುಮಕ್ಕಳು, ಔತಣಕೂಟ ಎಲ್ಲವೂ ಇವೆ. ಇದು ಹೇಗೆ? ಆ ಅರಮನೆ ಯಾರ ಸ್ವತ್ತು?
(ಮಂಗಳೂರಿನ ಓದುಗರೊಬ್ಬರು)

ನೀವು ಹೇಳುವುದು ಕಥೋಲಿಕ ಬಿಷಪರ ನಿವಾಸ. ಅಲ್ಲಿ ಬಿಷಪರು ಅವಿವಾಹಿತರು. ಟ್ರಾಲಪ್ ಬರೆದದ್ದು ಇಂಗ್ಲೆಂಡಿನ ರಾಷ್ಟ್ರೀಯ ಚರ್ಚಿನ ಬಿಷಪರ ಬಗ್ಗೆ. ಅಲ್ಲಿ ಮತಸುಧಾರಣೆಯ ಕಾಲದಿಂದಲೇ ಪಾದ್ರಿಗಳೂ ಬಿಷಪರೂ ಮದುವೆಯಾಗುತ್ತಾರೆ. ನಮ್ಮಲ್ಲಿಯೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪರು ಸಂಸಾರಸ್ಥರಾಗಿರುವುದನ್ನು ನೀವು ಮಂಗಳೂರಿನಲ್ಲಿಯೇ ಕಂಡಿರಬಹುದು.

ನಿಮ್ಮ ಎರಡನೆಯ ಪ್ರಶ್ನೆಯೇ ಈ ಕಾದಂಬರಿಗಳ ಕೀಲಿಕೈ ಎಂದು ನಮ್ಮ ಅಭಿಪ್ರಾಯ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ದೊಡ್ಡ ಮನೆಯೆಂದರೆ ಸಾಮಾನ್ಯವಾಗಿ ವಂಶದ ಆಸ್ತಿ. ಅದು ಯಾರಿಗೆ ಉಯಿಲಾಗುತ್ತದೆ, ಯಾವ ಮದುವೆಯಿಂದ ಯಾರ ಕೈಗೆ ಸೇರುತ್ತದೆ ಎಂಬುದರ ಮೇಲೆ ಕಥೆ ನಿಂತಿರುತ್ತದೆ. ಬಿಷಪರ ಅರಮನೆ ಹಾಗಲ್ಲ. ಅದು ಪದವಿಗೆ ಸೇರಿದ ಮನೆ. ಬಿಷಪರು ಬದುಕಿರುವವರೆಗೆ ಅಲ್ಲಿ ಅವರದೇ ಆಳ್ವಿಕೆ. ತೀರಿಕೊಂಡ ಮೇಲೆ ಅವರ ಮಕ್ಕಳು ಗಂಟುಮೂಟೆ ಕಟ್ಟಲೇಬೇಕು. ಮುಂದಿನವರು ಯಾರೆಂಬುದನ್ನು ಆ ಕಾಲದಲ್ಲಿ ಪ್ರಧಾನಮಂತ್ರಿಯ ಸಲಹೆಯಂತೆ ರಾಣಿ ತೀರ್ಮಾನಿಸುತ್ತಿದ್ದರು. ಕೆಥೆಡ್ರಲಿನ ಪಾದ್ರಿಗಳ ಮಂಡಳಿ ನಡೆಸುವ ಚುನಾವಣೆ ಬರಿಯ ಶಾಸ್ತ್ರಕ್ಕೆ. ಹೀಗಾಗಿ ಊರಿನ ಅತಿ ಮುಖ್ಯವಾದ ಮನೆಗೆ ಯಾರು ಬರುತ್ತಾರೆಂಬುದು ಲಂಡನ್ನಿನಲ್ಲಿ ಯಾವ ಪಕ್ಷದ ಸರ್ಕಾರವಿದೆ ಎಂಬುದನ್ನು ಅವಲಂಬಿಸಿರುತ್ತಿತ್ತು.

'ಬಾರ್ಚೆಸ್ಟರ್ ಟವರ್ಸ್' (1857) ಆರಂಭವಾಗುವುದೇ ಈ ಬಿಕ್ಕಟ್ಟಿನಿಂದ. ವೃದ್ಧ ಬಿಷಪ್ ಗ್ರಾಂಟ್ಲಿ ಅರಮನೆಯಲ್ಲಿ ಕೊನೆಯುಸಿರೆಳೆಯುತ್ತಿದ್ದಾರೆ. ಹಾಸಿಗೆಯ ಪಕ್ಕದಲ್ಲಿ ಅವರ ಮಗ ಆರ್ಚ್‌ಡೀಕನ್ ಗ್ರಾಂಟ್ಲಿ ಕುಳಿತಿದ್ದಾರೆ. ಮಗನಿಗೆ ಅನುಕೂಲವಾದ ಸರ್ಕಾರ ಇನ್ನು ಕೆಲವೇ ದಿನಗಳಲ್ಲಿ ಬೀಳುವುದರಲ್ಲಿದೆ. ತಂದೆ ಅಷ್ಟರೊಳಗೆ ತೀರಿಕೊಂಡರೆ ಪದವಿ ಮಗನಿಗೆ. ತಡವಾದರೆ ಬೇರೆಯವರ ಪಾಲು. ತಾನು ತಂದೆಯ ಸಾವನ್ನು ಬಯಸುತ್ತಿದ್ದೇನೆಯೇ ಎಂದು ಆತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಕೇಳಿಕೊಂಡ ಮರುಕ್ಷಣವೇ ಮಂಚದ ಪಕ್ಕದಲ್ಲಿ ಮೊಣಕಾಲೂರಿ ಕ್ಷಮೆಗಾಗಿ ಪ್ರಾರ್ಥಿಸುತ್ತಾನೆ. ತಂದೆ ತೀರಿಕೊಂಡ ಕೂಡಲೇ ಪ್ರಧಾನಿಗೆ ತಂತಿ ಕಳಿಸಬೇಕು. ಅದನ್ನು ತನ್ನ ಹೆಸರಿನಲ್ಲಿ ಕಳಿಸಲು ನಾಚಿ, ಮಾವನಾದ ಹಾರ್ಡಿಂಗ್ ಅವರ ಕೈಗೆ ಕೊಡುತ್ತಾನೆ. ಅಷ್ಟರಲ್ಲಿ ಸರ್ಕಾರ ಬಿದ್ದಿರುತ್ತದೆ. ಹೊಸ ಸರ್ಕಾರ ಡಾಕ್ಟರ್ ಪ್ರೌಡಿ ಎಂಬುವರನ್ನು ಬಿಷಪರನ್ನಾಗಿ ಮಾಡುತ್ತದೆ. ಅವರೊಂದಿಗೆ ಪತ್ನಿ ಶ್ರೀಮತಿ ಪ್ರೌಡಿಯೂ ಸ್ಲೋಪ್ ಎಂಬ ಚಾಪ್ಲಿನ್ನನೂ (ಬಿಷಪರ ಖಾಸಗಿ ಪಾದ್ರಿ) ಅರಮನೆಗೆ ಬರುತ್ತಾರೆ.

ಹೊಸ ಬಿಷಪರನ್ನು ಆರ್ಚ್‌ಡೀಕನ್ ಮೊದಲ ಸಲ ಕಾಣಲು ಹೋದಾಗ ಲಾಯ, ಬೀಗ, ಗ್ಯಾಸ್ ದೀಪ, ಬಿಸಿನೀರಿನ ಕೊಳವೆ ಎಂದು ಪುಟಗಟ್ಟಲೆ ಮಾತು ನಡೆಯುತ್ತದೆ. ಪಾದ್ರಿಗಳ ಕಥೆಯಲ್ಲಿ ಇದೆಲ್ಲ ಏಕೆ? ಓದುವಾಗ ಬೇಸರವಾಯಿತು.
(ಮೈಸೂರಿನ ಎಂ.ಎ. ವಿದ್ಯಾರ್ಥಿನಿ)

ದಯವಿಟ್ಟು ಆ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಇಡೀ ಕಾದಂಬರಿಯಲ್ಲಿ ಮನೆಯೊಂದನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಭಾಗ ಬೇರೊಂದಿಲ್ಲ ಎಂಬುದು ನಮ್ಮ ಅನಿಸಿಕೆ.

ಸನ್ನಿವೇಶವನ್ನು ನೆನಪಿಸಿಕೊಳ್ಳಿ. ಆರ್ಚ್‌ಡೀಕನ್ ಮತ್ತು ಹಾರ್ಡಿಂಗ್ ಶಿಷ್ಟಾಚಾರಕ್ಕಾಗಿ ಅರಮನೆಗೆ ಬಂದಿದ್ದಾರೆ. ತಂದೆ ಇದ್ದಾಗ ಮಗನಿಗೆ ಅದು ಹೇಳದೆ ಕೇಳದೆ ನುಗ್ಗಬಹುದಾದ ಸ್ವಂತ ಮನೆ. ಈಗ ಆತ ಸೇವಕನ ಮೂಲಕ ಹೇಳಿಕಳಿಸಿ ಒಳಗೆ ಬಂದ ಅತಿಥಿ. ಮನೆ ಅನುಕೂಲವಾಗಿದೆಯೇ ಎಂಬ ಉಪಚಾರದ ಮಾತಿಗೆ ಹೊಸಬರು ಉಪಚಾರದ ಉತ್ತರ ಕೊಡುವುದಿಲ್ಲ. ಲಾಯ ಸರಿಯಿಲ್ಲ, ಅಡುಗೆಮನೆ ಸರಿಯಿಲ್ಲ, ಬೀಗಗಳು ಕೆಲಸ ಮಾಡುವುದಿಲ್ಲ, ಗ್ಯಾಸ್ ಎಲ್ಲ ಕೋಣೆಗಳಿಗೂ ಬಂದಿಲ್ಲ ಎಂದು ಒಂದರ ಹಿಂದೆ ಒಂದು ದೂರು ಹೇಳುತ್ತಾರೆ. ಮಲಗುವ ಕೋಣೆಗಳಿಗೆ ಬಿಸಿನೀರನ್ನು ಅಡುಗೆಮನೆಯಿಂದ ಹೂಜಿಗಳಲ್ಲಿ ಹೊತ್ತು ತರಬೇಕಾಗಿದೆ, ಅಲ್ಲಿಯವರೆಗೆ ಕೊಳವೆ ಹಾಕಿಸಲೇಬೇಕು ಎಂದು ಶ್ರೀಮತಿ ಪ್ರೌಡಿ ಹೇಳಿದರೆ, ಮರ್ಯಾದಸ್ಥರ ಮನೆಗೆ ಅದಿಲ್ಲದೆ ನಡೆಯದು ಎಂದು ಸ್ಲೋಪ್ ದನಿಗೂಡಿಸುತ್ತಾನೆ. ಬಿಷಪರ ಮಾತಿಗೆ ಅಲ್ಲಿ ಎಡೆಯೇ ಸಿಗುವುದಿಲ್ಲ.

ಇದರಲ್ಲಿ ಎರಡು ಇರಿತಗಳಿವೆ. ಒಂದು ಎಲ್ಲರಿಗೂ ಕಾಣುವಂತಹದ್ದು: ತಂದೆಯನ್ನು ಕಳೆದುಕೊಂಡು ಹೆಚ್ಚು ದಿನಗಳಾಗದ ಮಗನ ಎದುರಿನಲ್ಲಿ ಆ ತಂದೆ ಬಾಳಿದ ಮನೆಯನ್ನು ಹಾಳುಬಿದ್ದ ಮನೆಯೆಂದು ಹೇಳುವುದು. ಇನ್ನೊಂದು ಇಂದಿನ ಓದುಗರಿಗೆ ಕಾಣದಂತಹದ್ದು, ಆದರೆ ಅಂದಿನ ಓದುಗರಿಗೆ ಕೂಡಲೇ ಅರ್ಥವಾಗುತ್ತಿದ್ದಿರಬೇಕು. ಇಂಗ್ಲೆಂಡಿನ ಅಂದಿನ ಚರ್ಚ್ ಕಾನೂನಿನಂತೆ ಪದವಿಯೊಂದಿಗೆ ಬಂದ ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಅದರಲ್ಲಿ ಇರುವವರ ಹೊಣೆಯಾಗಿತ್ತು. ಅವರು ತೀರಿಕೊಂಡಾಗ ಮನೆ ಶಿಥಿಲವಾಗಿದ್ದರೆ ದುರಸ್ತಿಯ ಹಣವನ್ನು ಅವರು ಬಿಟ್ಟುಹೋದ ಆಸ್ತಿಯಿಂದ ಕೇಳಿ ಪಡೆಯುವ ಹಕ್ಕು ಮುಂದೆ ಬಂದವರಿಗಿತ್ತು. ಈ ಲೆಕ್ಕಾಚಾರದಿಂದ ಹುಟ್ಟುತ್ತಿದ್ದ ತಕರಾರುಗಳು ಎಷ್ಟಿದ್ದವೆಂದರೆ, 1871ರಲ್ಲಿ ಪಾರ್ಲಿಮೆಂಟು ಅದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಆದ್ದರಿಂದ ಲಾಯದ ಸ್ಥಿತಿಯನ್ನು ಮೃತರ ಮಗನ ಮುಂದೆ ವಿವರಿಸುವುದೆಂದರೆ ಸಾಲದ ಪಟ್ಟಿಯನ್ನು ಓದಿ ಹೇಳಿದಂತೆಯೇ. ಬಿಸಿನೀರಿನ ಕೊಳವೆ ಅಂತಹ ದುರಸ್ತಿಯಲ್ಲ, ಹೊಸ ಸೌಕರ್ಯ. ಅದನ್ನೂ ಅದೇ ಉಸಿರಿನಲ್ಲಿ ಸೇರಿಸಿ ಹೇಳುವುದರಲ್ಲಿ ಶ್ರೀಮತಿ ಪ್ರೌಡಿಯ ಸ್ವಭಾವ ಪೂರ್ತಿಯಾಗಿ ಬಯಲಾಗುತ್ತದೆ.

ಹಣದ ಹಿನ್ನೆಲೆಯೂ ಇದೆ. 1836ರ ಕಾಯಿದೆ ಬಿಷಪರ ವರಮಾನಗಳನ್ನು ಮರುಹೊಂದಿಸಿತು. ಕ್ಯಾಂಟರ್‌ಬರಿಗೆ ವರ್ಷಕ್ಕೆ 15,000 ಪೌಂಡ್, ಯಾರ್ಕ್ ಮತ್ತು ಲಂಡನ್ನಿಗೆ 10,000 ಪೌಂಡ್ ಎಂದು ಗೊತ್ತಾಯಿತು. ಕೆಲವು ದೊಡ್ಡ ಪೀಠಗಳನ್ನು ಬಿಟ್ಟರೆ ಉಳಿದವರಿಗೆ 4,000ದಿಂದ 5,000 ಪೌಂಡ್. ಹಳೆಯ ಪದ್ಧತಿಯಲ್ಲಿ ಪದವಿಗೆ ಬಂದವರು ಹಳೆಯ ವರಮಾನವನ್ನೇ ಅನುಭವಿಸುತ್ತಿದ್ದರು. ಅದಕ್ಕೆ ತಕ್ಕಂತೆ ಕಾದಂಬರಿಯಲ್ಲಿ ಹಿರಿಯ ಗ್ರಾಂಟ್ಲಿಗೆ 9,000 ಪೌಂಡ್, ಪ್ರೌಡಿಗೆ 5,000 ಪೌಂಡ್. ಮನೆ ಅದೇ, ಊರಿನವರ ನಿರೀಕ್ಷೆಯೂ ಅದೇ, ಆದರೆ ಕೈಗೆ ಬರುವ ಹಣ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು. ಶ್ರೀಮತಿ ಪ್ರೌಡಿಯ ಜಿಪುಣತನಕ್ಕೆ ಓದುಗರು ನಗುತ್ತಾರೆ. ಆದರೆ ಆ ಮನೆಯನ್ನು ಆ ಹಣದಲ್ಲಿ ನಡೆಸುವ ಹೊರೆ ಅವಳ ತಲೆಯ ಮೇಲಿತ್ತು ಎಂಬುದನ್ನೂ ಮರೆಯಬಾರದು.

ಅರಮನೆಯ ಒಳಗೆ ನಡೆಯುವ ದೃಶ್ಯಗಳಲ್ಲಿ ಯಾವುವು ಮುಖ್ಯ?
(ಬೆಂಗಳೂರಿನ ಓದುಗರೊಬ್ಬರು)

ದೃಶ್ಯಗಳನ್ನು ಕೋಣೆಗಳ ಪ್ರಕಾರ ಓದುವುದು ಒಳ್ಳೆಯದು.

ಮೊದಲನೆಯದು ಅತಿಥಿಗಳನ್ನು ಬರಮಾಡಿಕೊಳ್ಳುವ ದೊಡ್ಡ ದಿವಾನಖಾನೆ. ಶ್ರೀಮತಿ ಪ್ರೌಡಿ ಅದನ್ನು ಹೊಸದಾಗಿ ಸಿಂಗರಿಸಿ ಊರಿನ ಗಣ್ಯರನ್ನೆಲ್ಲ ಕರೆಯುತ್ತಾಳೆ. ಕಾಲಿಗೆ ಪೆಟ್ಟಾಗಿ ನಡೆಯಲಾರದ, ಆದರೆ ಬಹು ಸುಂದರಿಯಾದ ನೆರೋನಿ ಎಂಬ ಹೆಂಗಸನ್ನು ಅಲ್ಲಿಗೆ ಹೊತ್ತು ತಂದು ಸೋಫಾದ ಮೇಲೆ ಮಲಗಿಸುತ್ತಾರೆ. ಅವಳ ತಮ್ಮ ಬರ್ಟಿ ಸ್ಟ್ಯಾನ್‌ಹೋಪ್ ಜಾಗ ಮಾಡಲು ಸೋಫಾವನ್ನು ತಳ್ಳಿದಾಗ ಅದರ ಚಕ್ರಕ್ಕೆ ಶ್ರೀಮತಿ ಪ್ರೌಡಿಯ ಉಡುಪಿನ ಕಸೂತಿಯ ಸೆರಗು ಸಿಕ್ಕಿ ಹರಿಯುತ್ತದೆ. ಮನೆಯೊಡತಿ ತನ್ನ ಅಧಿಕಾರವನ್ನು ಮೆರೆಸಲೆಂದು ಕಟ್ಟಿದ ಕೋಣೆಯಲ್ಲಿಯೇ, ತನ್ನ ಪೀಠೋಪಕರಣದಿಂದಲೇ, ಊರಿನವರೆದುರಿಗೆ ಅವಳ ಮಾನ ಹೋಗುತ್ತದೆ.

ಎರಡನೆಯದು ಬಿಷಪರ ಓದುಕೋಣೆ. ವೃದ್ಧಾಶ್ರಮದ ವಾರ್ಡನ್ ಹುದ್ದೆ ಹಾರ್ಡಿಂಗ್ ಅವರಿಗೋ ಹದಿನಾಲ್ಕು ಮಕ್ಕಳ ತಂದೆಯಾದ ಬಡ ಪಾದ್ರಿ ಕ್ವಿವರ್‌ಫುಲ್ ಅವರಿಗೋ ಎಂಬ ಜಗಳ ಅಲ್ಲಿ ನಡೆಯುತ್ತದೆ. ಸ್ಲೋಪ್‌ನನ್ನು ಹೊರಗೆ ಕಳಿಸೆಂದು ಹೆಂಡತಿ ಹೇಳುತ್ತಾಳೆ. ಬಿಷಪರು ಆ ಒಂದು ಸಲ ಮಾತ್ರ ಬಗ್ಗುವುದಿಲ್ಲ. ಹೊರಗೆ ಹೋಗಬೇಕಾದವಳು ಅವಳೇ. ಆದರೆ ರಾತ್ರಿ ಮಲಗುವ ಕೋಣೆಯ ಪರದೆಗಳ ಹಿಂದೆ ಆ ಗೆಲುವು ತಿರುಗುಮುರುಗಾಗುತ್ತದೆ, ಹುದ್ದೆ ಕ್ವಿವರ್‌ಫುಲ್ ಪಾಲಾಗುತ್ತದೆ. ಅಲ್ಲಿ ನಡೆದದ್ದೇನೆಂದು ಟ್ರಾಲಪ್ ನಮಗೆ ತೋರಿಸದೆ ಬಿಡುವುದು ಸರಿಯಾದ ತೀರ್ಮಾನ.

ಹತ್ತು ವರ್ಷಗಳ ಬಳಿಕ, 'ಲಾಸ್ಟ್ ಕ್ರಾನಿಕಲ್'ನಲ್ಲಿ, ಅರಮನೆಯ ಅತಿ ಬಲವಾದ ದೃಶ್ಯ ಬರುತ್ತದೆ. ಹಾಗಲ್‌ಸ್ಟಾಕ್ ಎಂಬ ಬಡ ಊರಿನ ಪಾದ್ರಿ ಕ್ರಾಲಿ, 20 ಪೌಂಡಿನ ಚೆಕ್ಕನ್ನು ಕದ್ದನೆಂಬ ಆರೋಪ ಹೊತ್ತವನು. ವಿಚಾರಣೆ ಮುಗಿಯುವವರೆಗೆ ಚರ್ಚಿನ ಸೇವೆಯನ್ನು ಬಿಟ್ಟುಕೊಡಬೇಕೆಂದು ಹೇಳಲು ಬಿಷಪರು ಅವನನ್ನು ಕರೆಸುತ್ತಾರೆ. ಗಾಡಿಯ ಅನುಕೂಲವನ್ನು ಬೇಡವೆಂದು ನಡೆದೇ ಹೊರಟ ಅವನು, ದಾರಿಯಲ್ಲಿ ರೈತನೊಬ್ಬನ ಗಾಡಿಯ ನೆರವು ಸ್ವಲ್ಪ ದೂರ ಸಿಕ್ಕರೂ, ದಣಿದು, ಮಾಸಿದ ಬಟ್ಟೆಯಲ್ಲಿ ಆ ಮೆತ್ತನೆಯ ಕಂಬಳಿಗಳ ಮನೆಗೆ ಕಾಲಿಡುತ್ತಾನೆ. ನ್ಯಾಯಾಲಯದ ತೀರ್ಪಿಲ್ಲದೆ ತನ್ನನ್ನು ತೆಗೆಯುವ ಅಧಿಕಾರ ಬಿಷಪರಿಗಿಲ್ಲವೆಂದು ಕಾನೂನನ್ನು ಬಿಡಿಸಿ ಹೇಳುತ್ತಾನೆ. ಶ್ರೀಮತಿ ಪ್ರೌಡಿ ಮತ್ತೆ ಮತ್ತೆ ನಡುವೆ ಬಾಯಿ ಹಾಕುತ್ತಾಳೆ. ಅವನು ಅವಳತ್ತ ತಿರುಗಿಯೂ ನೋಡುವುದಿಲ್ಲ. ಕೊನೆಗೆ ಒಮ್ಮೆ ತಿರುಗಿ, ಸುಮ್ಮನಿರು ಹೆಣ್ಣೇ ಎನ್ನುತ್ತಾನೆ. ಬಿಷಪರು ಕುರ್ಚಿಯಿಂದ ಜಿಗಿದೇಳುತ್ತಾರೆ, ಅದೂ ಸಿಟ್ಟಿಗಿಂತ ಹೆಚ್ಚಾಗಿ ಮೆಚ್ಚುಗೆಯಿಂದ. ಹೆಣ್ಣೆಂಬ ಕಾರಣಕ್ಕೆ ಬಾಯಿ ಮುಚ್ಚಿಸುವ ಆ ಮಾತು ಇಂದು ನಮ್ಮ ಕಿವಿಗೆ ಒರಟಾಗಿ ಕೇಳುತ್ತದೆ, ಕೇಳಬೇಕಾದದ್ದೇ. ಆದರೆ ಪದವಿಯೂ ಕಾನೂನೂ ತನಗೆ ಕೊಡದ ಅಧಿಕಾರವನ್ನು ಮನೆಯ ಬಲದಿಂದ ಚಲಾಯಿಸುತ್ತಿದ್ದವಳಿಗೆ, ಮನೆಯೆಂಬುದೇ ಇಲ್ಲದಂತಿರುವ ಬಡವನೊಬ್ಬ ಎಲ್ಲೆಯನ್ನು ತೋರಿಸಿದ ಗಳಿಗೆ ಅದು.

ಧರ್ಮದ ಪೀಠವಾಗಬೇಕಾದ ಮನೆಯಲ್ಲಿ ಬರಿಯ ರಾಜಕೀಯ ಮತ್ತು ಮನೆಜಗಳ. ಟ್ರಾಲಪ್ ಅವರು ಚರ್ಚನ್ನು, ಅದರಲ್ಲಿಯೂ ಶ್ರೀಮತಿ ಪ್ರೌಡಿಯನ್ನು, ಹೀಯಾಳಿಸುತ್ತಾರೆ ಅನಿಸುವುದಿಲ್ಲವೇ?
(ಶಿವಮೊಗ್ಗದ ಓದುಗರೊಬ್ಬರು)

ಪ್ರಶ್ನೆ ನ್ಯಾಯವಾದದ್ದೇ. ಅರಮನೆಯಲ್ಲಿ ಬೋಧನೆಯಾಗಲಿ ಭಕ್ತಿಯಾಗಲಿ ನಮಗೆ ಕಾಣುವುದು ಬಹಳ ಕಡಿಮೆ. 'ದಿ ವಾರ್ಡನ್'ನಲ್ಲಿ ಹಿರಿಯ ಬಿಷಪರೂ ಹಾರ್ಡಿಂಗ್ ಅವರೂ, ಇಬ್ಬರು ಹಳೆಯ ಗೆಳೆಯರು, ಕುಳಿತು ಮಾತನಾಡುವ ಭಾಗಗಳಲ್ಲಿ ಮಾತ್ರ ಆ ಮನೆಗೆ ಒಂದು ಸೌಮ್ಯವಾದ ಕಳೆಯಿದೆ. ಮನಸ್ಸು ಕಲಕಿದಾಗ ಇಲ್ಲದ ಚೆಲ್ಲೋ ವಾದ್ಯವನ್ನು ಗಾಳಿಯಲ್ಲಿ ನುಡಿಸುವ ಹಾರ್ಡಿಂಗ್ ಅವರಂತಹ ಮನುಷ್ಯ ಪ್ರೌಡಿಗಳ ದಿವಾನಖಾನೆಯಲ್ಲಿ ಹೊಂದಿಕೊಳ್ಳಲು ಸಾಧ್ಯವಿಲ್ಲ.

ಆದರೂ ಹೀಯಾಳಿಕೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆ ಅರಮನೆಯಲ್ಲಿ ಎರಡು ಪ್ರಾರ್ಥನೆಗಳು ನಡೆಯುತ್ತವೆ, ಎರಡೂ ಸಾವಿನ ಹೊತ್ತಿನಲ್ಲಿ. ಮೊದಲನೆಯದು ಆರ್ಚ್‌ಡೀಕನ್ ತಂದೆಯ ಮಂಚದ ಬಳಿ ಮಾಡಿದ್ದು. ಎರಡನೆಯದು 'ಲಾಸ್ಟ್ ಕ್ರಾನಿಕಲ್'ನಲ್ಲಿದೆ. ಕ್ರಾಲಿಯ ಪ್ರಕರಣದಿಂದ ಬಿಷಪರ ಮರ್ಯಾದೆ ಮಣ್ಣುಪಾಲಾಗಿದೆ. ಅವರು ಹೆಂಡತಿಯೊಂದಿಗೆ ಮಾತೇ ಬೇಡವೆಂದು ಓದುಕೋಣೆಯಲ್ಲಿ ಮುದುಡಿ ಕುಳಿತಿದ್ದಾರೆ. ಗಂಡನ ಒಳ್ಳೆಯದಕ್ಕೆಂದೇ ಎಲ್ಲವನ್ನೂ ಮಾಡಿದೆನೆಂದು ನಂಬಿದ್ದ ಶ್ರೀಮತಿ ಪ್ರೌಡಿ ತನ್ನ ಕೋಣೆಗೆ ಹೋಗಿ, ಹೃದಯದ ಕಾಯಿಲೆಯಿಂದ, ಮಂಚದ ಕಂಬವನ್ನು ತಬ್ಬಿ ನಿಂತಂತೆಯೇ ಪ್ರಾಣ ಬಿಡುತ್ತಾಳೆ. ಸುದ್ದಿ ತಿಳಿದ ಬಿಷಪರು ಕೈ ಜೋಡಿಸಿ ಬೇಡಿಕೊಳ್ಳುವುದೇನೆಂದರೆ, ಹೆಂಡತಿ ಸತ್ತಳೆಂದು ತಾನು ಸಂತೋಷಪಡದಂತೆ ದೇವರು ತನ್ನನ್ನು ಕಾಪಾಡಲಿ ಎಂದು. ಒಬ್ಬನು ಪದವಿಯ ಆಸೆಯಿಂದ, ಇನ್ನೊಬ್ಬನು ಬಿಡುಗಡೆಯ ಆಸೆಯಿಂದ, ತನ್ನವರ ಸಾವನ್ನು ಬಯಸಿದ ಪಾಪಕ್ಕೆ ಹೆದರಿ ದೇವರ ಮುಂದೆ ಬಾಗುತ್ತಾನೆ. ಮನುಷ್ಯನ ಮನಸ್ಸಿನ ಇಷ್ಟು ಆಳಕ್ಕೆ ಇಳಿದವರು ಧರ್ಮವನ್ನು ಹೀಯಾಳಿಸಿದರೆನ್ನುವುದು ಕಷ್ಟ.

ಶ್ರೀಮತಿ ಪ್ರೌಡಿಯ ವಿಷಯದಲ್ಲಿ ಟ್ರಾಲಪ್ ಅವರೇ ಒಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. ಲಂಡನ್ನಿನ ಅಥೀನಿಯಂ ಕ್ಲಬ್ಬಿನಲ್ಲಿ ಅವರು ಬರೆಯುತ್ತ ಕುಳಿತಿದ್ದಾಗ, ಅದೇ ಪಾತ್ರಗಳನ್ನು ಅವರು ಮತ್ತೆ ಮತ್ತೆ ತರುತ್ತಾರೆಂದು ಇಬ್ಬರು ಪಾದ್ರಿಗಳು ದೂರುತ್ತ ಶ್ರೀಮತಿ ಪ್ರೌಡಿಯನ್ನು ಬೈಯುವುದು ಕಿವಿಗೆ ಬಿತ್ತು. ಎದ್ದುಹೋಗಿ ತಾವು ಯಾರೆಂದು ತಿಳಿಸಿ, ವಾರದೊಳಗೆ ಅವಳನ್ನು ಕೊಂದುಬಿಡುತ್ತೇನೆಂದು ಮಾತು ಕೊಟ್ಟರು, ಹಾಗೆಯೇ ಮಾಡಿದರು. ಆದರೆ ಅವಳ ಬಗ್ಗೆ ಬರೆಯುವುದು ತಮಗೆ ಎಷ್ಟು ಪ್ರಿಯವಾಗಿತ್ತೆಂದರೆ, ಆ ಕೆಲಸಕ್ಕಾಗಿ ತಾವು ಆಗಾಗ ಮರುಗಿದ್ದುಂಟೆಂದೂ ಅವರು ಒಪ್ಪಿಕೊಂಡಿದ್ದಾರೆ.

ಆ ಕಾಲದ ಬೇರೆ ಕಾದಂಬರಿಕಾರರು ಬಿಷಪರ ಮನೆಯನ್ನು ಬಳಸಿಕೊಂಡಿದ್ದಾರೆಯೇ? ಓದಲು ಎಲ್ಲಿಂದ ಆರಂಭಿಸಬೇಕು?
(ಹಾಸನದ ಓದುಗರೊಬ್ಬರು)

ಕೆಥೆಡ್ರಲ್ ಪಟ್ಟಣಗಳು ಬೇರೆಯವರಲ್ಲಿಯೂ ಬರುತ್ತವೆ. ಡಿಕನ್ಸ್ 1870ರಲ್ಲಿ ಅರ್ಧಕ್ಕೆ ಬಿಟ್ಟುಹೋದ ಕೊನೆಯ ಕಾದಂಬರಿ ನಡೆಯುವುದು ರಾಚೆಸ್ಟರನ್ನು ಹೋಲುವ ಅಂತಹ ಊರಿನಲ್ಲಿಯೇ. ಆದರೆ ಅಲ್ಲಿ ಕಥೆಯ ಕೇಂದ್ರ ಬಿಷಪರ ಮನೆಯಲ್ಲ. ಆ ಮನೆಯನ್ನು ಇಷ್ಟು ನಿಕಟವಾಗಿ, ಕೋಣೆ ಕೋಣೆಯಾಗಿ ತೋರಿಸಿದವರೆಂದರೆ ಟ್ರಾಲಪ್ ಅವರೇ. ಅವರ ಬಾರ್ಸೆಟ್‌ಶೈರನ್ನು ಮುಂದೆ 1930ರ ದಶಕದಿಂದ ಏಂಜೆಲಾ ಥರ್ಕೆಲ್ ತಮ್ಮ ಕಾದಂಬರಿಗಳಿಗೆ ಎರವಲು ಪಡೆದರು. 1982ರಲ್ಲಿ ಬಿ.ಬಿ.ಸಿ. ಮೊದಲೆರಡು ಕಾದಂಬರಿಗಳನ್ನು ಧಾರಾವಾಹಿಯಾಗಿ ತಂದಾಗ ಸ್ಲೋಪ್ ಪಾತ್ರವನ್ನು ಅಲನ್ ರಿಕ್‌ಮನ್ ಮತ್ತು ಶ್ರೀಮತಿ ಪ್ರೌಡಿಯ ಪಾತ್ರವನ್ನು ಜೆರಾಲ್ಡಿನ್ ಮೆಕ್‌ಯೂವನ್ ವಹಿಸಿದ್ದರು.

ಓದುವ ಕ್ರಮದ ಬಗ್ಗೆ: 'ದಿ ವಾರ್ಡನ್' ಚಿಕ್ಕದು, ಅದರಿಂದಲೇ ಆರಂಭಿಸಿ, ನಂತರ 'ಬಾರ್ಚೆಸ್ಟರ್ ಟವರ್ಸ್'. ಅರಮನೆಯ ಕಥೆಯಷ್ಟೇ ಬೇಕೆಂದರೆ ನಡುವಿನ ಮೂರನ್ನು ಸದ್ಯಕ್ಕೆ ಬಿಟ್ಟು ನೇರವಾಗಿ 'ಲಾಸ್ಟ್ ಕ್ರಾನಿಕಲ್'ಗೆ ಹೋಗಬಹುದು. ಅದು 32 ವಾರದ ಕಂತುಗಳಲ್ಲಿ ಹೊರಬಂದ ದೊಡ್ಡ ಪುಸ್ತಕ, ಆದ್ದರಿಂದ ಬಿಡುವು ಮಾಡಿಕೊಂಡು ಓದಬೇಕು. ಮೂರರ ಇಂಗ್ಲಿಷ್ ಮೂಲವೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.